ಅತಿತ್ಲಾನ್ ಸರೋವರದ ಸೀಮೆಯಲ್ಲಿ ಸೇವೆಮಾಡಿದ ಕ್ಯಾಮರೂನ್ ಟೌನ್ಸೆಂಡರು

ಉತ್ತರ ಅಮೇರಿಕ, ದಕ್ಷಿಣ ಅಮೇರಿಕ ಎಂಬ ಎರಡು ಮಹಾಖಂಡಗಳನ್ನು ಕೂಡಿಸುವ ಸಣ್ಣ ನೆಲಪಟ್ಟಿಯಲ್ಲಿ ಗ್ವಾಟೆಮಾಲ ಎಂಬ ದೇಶವಿದೆ. ಆ ದೇಶದ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು ೫,೧೦೦ ಅಡಿ ಎತ್ತರದಲ್ಲಿ, ಅತಿತ್ಲಾನ್ ಎಂಬ ಸರೋವರವುಂಟು. ಸುಮಾರು ೮೦,೦೦೦ ವರ್ಷಗಳ ಹಿಂದೆ ಅಲ್ಲಿದ್ದ ಅಗ್ನಿಪರ್ವತವು ಘೋರವಾಗಿ ಸಿಡಿದು, ತನ್ನ ಒಡಲೊಳಗೆ ಕರಗಿದ್ದ ಕಲ್ಲನ್ನೂ ಬೂದಿಯನ್ನೂ ಹೊರಗೆ ಕಾರಲು, ಮೇಲಿನ ನೆಲವು ಕುಸಿದು ದೊಡ್ಡ ಕುಳಿಯಾಯಿತು. ಆ ಕುಳಿಯಲ್ಲಿ ಮಳೆಯ ನೀರೂ ತೊರೆಗಳ ನೀರೂ ನಿಂತು ಈ ಸರೋವರವುಂಟಾಯಿತು. ಅದರ ಉದ್ದವು ಸುಮಾರು ೧೧ ಮೈಲು. ಆಳವು ೧,೦೦೦ ಅಡಿಗೂ ಹೆಚ್ಚು. ನೀರು ಹರಿದುಹೋಗುವುದಕ್ಕೆ ಮೇಲೆ ಹೊಳೆಯಿಲ್ಲ. ನೆಲದೊಳಗೇ ಇಂಗಿ ಹೋಗುತ್ತದೆ. ತೆಂಕಣ ದಡದಲ್ಲಿ ಸಾನ್ ಪೆದ್ರೋ, ತೊಲಿಮಾನ್, ಅತಿತ್ಲಾನ್ ಎಂಬ ಮೂರು ಅಗ್ನಿಪರ್ವತಗಳು ಕಾವಲುಗಾರರಂತೆ ನಿಂತಿವೆ. ಇವುಗಳಲ್ಲಿ ಹಿರಿದಾದದ್ದು ೧೧,೬೦೦ ಅಡಿ ಎತ್ತರವುಳ್ಳದ್ದು.

ಬೆಳಗಿನ ಹೊತ್ತಿನಲ್ಲಿ ಆ ನೀರು ಕನ್ನಡಿಯಂತೆ ಶಾಂತವಾಗಿರುವದು. ಮಧ್ಯಾಹ್ನವಾದ ಮೇಲೆ ಸಮುದ್ರದ ಕಡೆಯ ಬಿಸಿಗಾಳಿಯು ಬೆಟ್ಟದ ತಣ್ಣಗಾಳಿಯನ್ನು ಸಂಧಿಸಿ ಬಿರುಸಾಗಿ ಬೀಸಲು ಅಲೆಗಳು ಏಳುತ್ತವೆ. ಆ ಊರಿನವರು ಇದನ್ನು ಶೊಕೊಮಿಲ್ ಎಂದು ಕರೆಯುತ್ತಾರೆ. ಪಾಪವನ್ನು ಹೊತ್ತುಕೊಂಡು ಹೋಗುವ ಗಾಳಿ ಎಂದು ಅದಕ್ಕೆ ಅರ್ಥ ಹೇಳುವದುಂಟು. ಗಲಿಲಾಯ ಸಮುದ್ರದ ಮೇಲೆ ಫಕ್ಕನೆ ಎದ್ದ ಬಿರುಗಾಳಿಯ ಸಂಗತಿಯನ್ನು ಸುವಾರ್ತೆಯಲ್ಲಿ ಓದಿದವರು ಇದನ್ನು ಸುಲಭವಾಗಿ ಮನಸ್ಸಿಗೆ ತಂದುಕೊಳ್ಳಬಹುದು.

ಈ ಸರೋವರದ ಸುತ್ತಲೂ ಮಾಯಾ ಎಂಬ ಪೂರ್ವಕಾಲದ ಜನಾಂಗದವರು ವಾಸಿಸುತ್ತಾರೆ. ಬಡಗಣ ಮತ್ತು ಮೂಡಣ ದಡದ ಪನಾಹಚೆಲ್, ಸಾಂತಾ ಕತರೀನಾ ಮುಂತಾದ ಹಳ್ಳಿಗಳಲ್ಲಿ ಕಾಕ್ಚಿಕೆಲ್ ಭಾಷೆಯೂ, ತೆಂಕಣ ದಡದ ಸಾಂತಿಯಾಗೋ, ಸಾನ್ ಪೆದ್ರೋ ಮುಂತಾದ ಹಳ್ಳಿಗಳಲ್ಲಿ ತ್ಸುತುಹಿಲ್ ಭಾಷೆಯೂ ನಡೆಯುತ್ತವೆ. ಒಂದೊಂದು ಹಳ್ಳಿಯ ಹೆಂಗಸರು ತಮ್ಮ ಊರಿಗೇ ಸೇರಿದ ಬಣ್ಣದ ನೆಯ್ಗೆಯನ್ನು ಉಡುವದರಿಂದ, ಸಂತೆಯಲ್ಲಿ ಉಡುಪನ್ನು ನೋಡಿಯೇ ಇವಳು ಇಂಥ ಊರಿನವಳೆಂದು ತಿಳಿಯಬಹುದಾಗಿತ್ತು. ಮುಸುಕಿನ ಜೋಳವೇ ಅವರ ಆಹಾರ. ಇಳಿಜಾರಿನಲ್ಲಿ ಜೋಳವನ್ನೂ, ದಡದ ಮಡಿಗಳಲ್ಲಿ ನೀರುಳ್ಳಿಯನ್ನೂ ಬೆಳೆದು, ಜೊಂಡಿನಿಂದ ಚಾಪೆ ಹೆಣೆದು, ಮರದ ದಿಮ್ಮಿಯನ್ನು ತೋಡಿ ಮಾಡಿದ ದೋಣಿಗಳಲ್ಲಿ ಸಂತೆಗೆ ಹೋಗುತ್ತಿದ್ದರು. ಗಂಡಸರು ಹಣೆಗೆ ತೊಗಲಿನ ಪಟ್ಟಿ ಹಾಕಿ ಬೆನ್ನಿನ ಮೇಲೆ ಹೊರೆ ಹೊತ್ತು ಅನೇಕ ಹರದಾರಿ ನಡೆಯುತ್ತಿದ್ದರು.

೧೫೨೪ರಲ್ಲಿ ಪೆದ್ರೋ ದೆ ಆಲ್ವರಾದೋ ಎಂಬ ಸ್ಪೇನ್ ದೇಶದ ದಳವಾಯಿಯು ಈ ಸೀಮೆಯನ್ನು ಗೆದ್ದುಕೊಂಡನು. ಅಂದಿನಿಂದ ಈ ಜನರು ತಮ್ಮ ನೆಲದಲ್ಲಿಯೇ ಕೂಲಿಯವರಾದರು. ಕಾಫಿಯ ಬೆಳೆ ಹೆಚ್ಚಿದ ಕಾಲದಲ್ಲಿ ತೋಟಗಳ ದಲ್ಲಾಳಿಗಳು ಹಳ್ಳಿಗೆ ಬಂದು, ಹಬ್ಬದ ದಿನಗಳಲ್ಲಿ ಸಾರಾಯಿಯನ್ನು ಕುಡಿಸಿ, ಮುಂಗಡವಾಗಿ ಹಣವನ್ನು ಕೊಟ್ಟು, ಓದುಬರಹ ತಿಳಿಯದವರಿಂದ ಕಾಗದಕ್ಕೆ ಗುರುತು ಹಾಕಿಸಿಕೊಳ್ಳುತ್ತಿದ್ದರು. ಆ ಸಾಲವು ತೀರದೆ ತಂದೆಯಿಂದ ಮಗನಿಗೆ ಬರುತ್ತಿತ್ತು. ತಮ್ಮ ಭಾಷೆಯಲ್ಲಿ ಓದಲು ಕಲಿತವರು ಅವರಲ್ಲಿ ವಿರಳ. ಅಧಿಕಾರಿಗಳ ಸ್ಪ್ಯಾನಿಷ್ ಭಾಷೆ ಅವರಲ್ಲಿ ಹೆಚ್ಚಿನವರಿಗೆ ಬಾರದು. ಆದಕಾರಣ ಕಾಗದದಲ್ಲಿ ಏನು ಬರೆದಿದೆಯೆಂದು ಕೇಳುವದಕ್ಕೂ ಅವರಿಗೆ ಉಪಾಯವಿರಲಿಲ್ಲ. ಇಂಥ ಜನರ ಮಧ್ಯದಲ್ಲಿ ತನ್ನ ಯೌವನವನ್ನು ಕಳೆದು, ಅವರ ಮಾತಿಗೆ ಪುಸ್ತಕದ ಮಾನವನ್ನು ತಂದುಕೊಟ್ಟವರಲ್ಲಿ ಒಬ್ಬರಾದ ಟೌನ್ಸೆಂಡರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ವಿಲಿಯಮ್ ಕ್ಯಾಮರೂನ್ ಟೌನ್ಸೆಂಡರು ೧೮೯೬ನೆಯ ಇಸವಿ ಜುಲೈ ೯ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯ ಸೀಮೆಯಲ್ಲಿ ಹುಟ್ಟಿದರು. ತಂದೆಯು ಪರರ ಹೊಲವನ್ನು ಗೇಣಿಗೆ ಹಿಡಿದು ಉಳುವ ಬಡ ಒಕ್ಕಲಿಗನು. ಅವನಿಗೆ ಕಿವಿಯೂ ಮಂದವಾಗಿತ್ತು. ಮನೆಯಲ್ಲಿ ಧನವಿರಲಿಲ್ಲವಾದರೂ ಪ್ರತಿದಿನ ಕೂಡಿಬಂದು ಸತ್ಯವೇದವನ್ನು ಓದುವ ಪದ್ಧತಿಯಿತ್ತು. ಹುಡುಗನು ಓದಿನಲ್ಲಿ ಮುಂದೆ ಬಂದು ಲಾಸ್ ಏಂಜಲೀಸ್ ಪಟ್ಟಣದ ಆಕ್ಸಿಡೆಂಟಲ್ ಕಾಲೇಜನ್ನು ಸೇರಿದನು. ಅಲ್ಲಿ ಚೀನ ದೇಶದ ಮಿಶನರಿಯಾದ ಹಡ್ಸನ್ ಟೇಲರರ ಜೀವನಚರಿತ್ರೆಯು ಅವನ ಮನಸ್ಸನ್ನು ಕಲಕಿತು. ೧೯೧೭ರಲ್ಲಿ ಸತ್ಯವೇದದ ಪುಸ್ತಕಗಳನ್ನು ಮಾರುವ ಕೆಲಸಕ್ಕೆ ಗ್ವಾಟೆಮಾಲಕ್ಕೆ ಹೋಗುವೆನೆಂದು ಒಪ್ಪಿಕೊಂಡನು.

ಅಷ್ಟರಲ್ಲಿ ಅಮೇರಿಕವು ಮಹಾಯುದ್ಧಕ್ಕೆ ಇಳಿಯಿತು. ಟೌನ್ಸೆಂಡರು ದಂಡಿನಲ್ಲಿ ಹೆಸರು ಕೊಟ್ಟಿದ್ದವರಾದ್ದರಿಂದ ಯುದ್ಧಕ್ಕೇ ಹೋಗತಕ್ಕದ್ದೆಂದು ಎಣಿಸಿದರು. ಆಗ ಗ್ವಾಟೆಮಾಲದಿಂದ ರಜೆಯ ಮೇಲೆ ಬಂದಿದ್ದ ಒಬ್ಬ ಮಿಶನರಿ ಅಮ್ಮನವರು ಅವರನ್ನೂ ಅವರ ಗೆಳೆಯನಾದ ರಾಬಿನ್ಸನನ್ನೂ ಗದರಿಸಿ, ಲಕ್ಷಾಂತರ ಗಂಡಸರು ಯುದ್ಧಕ್ಕೆ ಹೋಗುತ್ತಿರುವಾಗ ಸೇವೆಯ ಭಾರವನ್ನು ಹೆಂಗಸರ ಮೇಲೆಯೇ ಬಿಡುವದು ಹೇಡಿತನವೆಂದು ಹೇಳಿದರು. ಈ ಮಾತು ನಾಟಿತು. ದಂಡಿನ ಅಧಿಕಾರಿಯು ದಯೆಯಿಂದ ಬಿಡುಗಡೆ ಕೊಡಲಾಗಿ, ಗೆಳೆಯರಿಬ್ಬರೂ ಅದೇ ವರುಷ ಹಡಗನ್ನು ಹತ್ತಿ ಗ್ವಾಟೆಮಾಲವನ್ನು ಮುಟ್ಟಿದರು. ಆಗ ಟೌನ್ಸೆಂಡರಿಗೆ ೨೧ ವರುಷ.

ಒಂದು ವರುಷಕ್ಕಿಂತಲೂ ಹೆಚ್ಚಾಗಿ ಅವರು ಪುಸ್ತಕದ ಗಂಟನ್ನು ಹೊತ್ತು ಬೆಟ್ಟ ಕಾಡುಗಳಲ್ಲಿ ನಡೆದರು. ಗ್ವಾಟೆಮಾಲ ಮಾತ್ರವಲ್ಲದೆ ನೆರೆಯ ಎಲ್ ಸಾಲ್ವದೋರ್, ಹೊಂಡುರಾಸ್, ನಿಕರಾಗುವ ದೇಶಗಳಿಗೂ ಹೋದರು. ಈ ಪ್ರಯಾಣಗಳಲ್ಲಿ ಫ್ರಾನ್ಸಿಸ್ಕೋ ದಿಯಾಸ್ ಎಂಬ ಕಾಕ್ಚಿಕೆಲ್ ವಿಶ್ವಾಸಿಯು ಅವರ ಜೊತೆಗಾರನಾಗಿದ್ದನು. ನೆಲದ ಮೇಲೆ ಜೊತೆಯಾಗಿ ಮಲಗಿ, ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿಂದ ಈ ಸ್ನೇಹದಿಂದ ಟೌನ್ಸೆಂಡರು ಅನೇಕ ಸಂಗತಿಗಳನ್ನು ಕಲಿತರು. ತನ್ನ ಜನರ ಮಕ್ಕಳಿಗೆ ಒಂದು ಶಾಲೆ ಬೇಕೆಂದು ದಿಯಾಸನು ಅವರನ್ನು ಒತ್ತಾಯಪಡಿಸುತ್ತಿದ್ದನು. ಆದರೆ ಆ ಶಾಲೆಯು ಬೆಳೆದು ದೊಡ್ಡದಾಗುವದನ್ನು ಕಾಣುವಷ್ಟು ಕಾಲ ಅವನು ಬದುಕಲಿಲ್ಲ.

ಪುಸ್ತಕಗಳನ್ನು ಮಾರುತ್ತಾ ಹೋದ ಹಾಗೆ ಟೌನ್ಸೆಂಡರ ಮನಸ್ಸಿನಲ್ಲಿ ಒಂದು ಚಿಂತೆಯು ಬೆಳೆಯಿತು. ಅವರ ಚೀಲದಲ್ಲಿದ್ದ ಸತ್ಯವೇದಗಳೆಲ್ಲಾ ಸ್ಪ್ಯಾನಿಷಿನವು. ಎದುರಿಗೆ ನಿಂತವರ ಭಾಷೆಯೋ ಬೇರೆ. ನಿಮ್ಮ ದೇವರು ಅಷ್ಟು ದೊಡ್ಡವನಾದರೆ ನಮ್ಮ ಭಾಷೆಯನ್ನು ಏಕೆ ಅರಿಯನೆಂದು ಒಬ್ಬ ಮಾಯಾ ಮನುಷ್ಯನು ತಮ್ಮನ್ನು ಕೇಳಿದನೆಂದೂ, ತಮಗೆ ಉತ್ತರವು ತೋಚಲಿಲ್ಲವೆಂದೂ ಅವರು ಮುಂದೆ ಹೇಳಿಕೊಳ್ಳುತ್ತಿದ್ದರು. ಈ ಪ್ರಶ್ನೆಗೆ ಉತ್ತರ ಕೊಡುವದಕ್ಕೇ ಅವರ ಉಳಿದ ಆಯುಷ್ಯವೆಲ್ಲಾ ಸಂದಿತೆಂದು ಹೇಳಿದರೆ ತಪ್ಪಾಗದು.

೧೯೧೯ರಲ್ಲಿ ಅವರು ಎಲ್ವೈರಾ ಎಂಬ ಮಿಶನರಿ ಕನ್ಯೆಯನ್ನು ಮದುವೆಯಾಗಿ, ಆಂಟಿಗ್ವಾ ಪಟ್ಟಣದ ಹತ್ತಿರದ ಸಾನ್ ಆಂಟೋನಿಯೋ ಎಂಬ ಕಾಕ್ಚಿಕೆಲ್ ಹಳ್ಳಿಯಲ್ಲಿ, ಜೋಳದ ದಂಟಿನ ಗೋಡೆಯುಳ್ಳ ಗುಡಿಸಲಿನಲ್ಲಿ ಒಕ್ಕಲಾದರು. ಅಲ್ಲಿ ಶಾಲೆಯನ್ನು ತೆರೆದು ಭಾಷೆಯನ್ನು ಕಲಿಯತೊಡಗಿದರು. ಹಿರಿಯ ಮಿಶನರಿಗಳಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಸ್ಪ್ಯಾನಿಷ್ ಬಲ್ಲವರು ದೇಶದಲ್ಲೆಲ್ಲಾ ಇರುವಾಗ, ಕಾಲಕ್ರಮದಲ್ಲಿ ಅಳಿದುಹೋಗುವ ಹಳ್ಳಿಯ ಮಾತಿಗಾಗಿ ಹತ್ತು ವರುಷ ಕಳೆಯುವದು ವ್ಯರ್ಥವೆಂದು ಅವರ ಅಭಿಪ್ರಾಯ. ಇನ್ನು ಪಟ್ಟಣದ ದೊಡ್ಡ ಮನುಷ್ಯರಾದರೋ ಅದನ್ನು ಭಾಷೆಯೆಂದೇ ಎಣಿಸದೆ ನಗುತ್ತಿದ್ದರು.

ಆದರೆ ಕಲಿಯತೊಡಗಿದ ಮೇಲೆ ಆ ಮಾತಿನ ಗಾಂಭೀರ್ಯವು ಟೌನ್ಸೆಂಡರಿಗೆ ತಿಳಿಯಿತು. ನಮ್ಮಲ್ಲಿ ಹಳ್ಳಿಗೂ ಹಲ್ಲಿಗೂ ಇರುವ ಭೇದವನ್ನು ಪರದೇಶದವರ ಕಿವಿ ಹೇಗೆ ಗ್ರಹಿಸದೋ, ಹಾಗೆಯೇ ಕಾಕ್ಚಿಕೆಲಿನಲ್ಲಿ ಕಕಾರದಂತೆ ಕೇಳಿಸುವ ನಾಲ್ಕು ಬೇರೆ ಬೇರೆ ಧ್ವನಿಗಳನ್ನು ಅವರು ಮೊದಲು ಗ್ರಹಿಸಲಾರದೆ ಹೋದರು. ಎರಡು ಬಾಯೊಳಗೂ ಎರಡು ಗಂಟಲಿನ ಹತ್ತಿರವೂ ಹುಟ್ಟುವವು. ಇವುಗಳಲ್ಲಿ ಒಂದೊಂದನ್ನು ಉಸಿರು ಬಿಗಿಹಿಡಿದು ಚಿಟ್ಟೆಂದು ನುಡಿಯಬೇಕು. ಒಂದಕ್ಕೆ ಬದಲಾಗಿ ಇನ್ನೊಂದನ್ನು ನುಡಿದರೆ ಅರ್ಥವೇ ಕೆಡುತ್ತದೆ. ಕ್ರಿಯಾಪದದ ಸಂಗತಿಯು ಇನ್ನೂ ಆಶ್ಚರ್ಯಕರವಾದದ್ದು. ಕನ್ನಡದಲ್ಲಿ ಹೊಡೆ ಎಂಬ ಮೂಲಕ್ಕೆ ಪ್ರತ್ಯಯ ಸೇರಿ ಹೊಡೆದನು, ಹೊಡೆಸಿದರು ಎಂದಾಗುವದಷ್ಟೆ. ಕಾಕ್ಚಿಕೆಲಿನಲ್ಲಿ ಯಾವಾಗ, ಯಾರು, ಯಾರನ್ನು ಎಂಬ ಗುರುತುಗಳು ಮೂಲದ ಮುಂದೆಯೂ, ಇನ್ನೂ ಕೆಲವು ಗುರುತುಗಳು ಹಿಂದೆಯೂ ಅಂಟಿಕೊಂಡು ಒಂದೇ ಶಬ್ದವು ಪೂರ್ಣ ವಾಕ್ಯವಾಗುತ್ತದೆ. ಹೀಗೆ ಒಂದು ಮೂಲದಿಂದ ಸಾವಿರಾರು ರೂಪಗಳು ಹುಟ್ಟುವವು. ಲ್ಯಾಟಿನ್ ವ್ಯಾಕರಣದ ಅಚ್ಚಿನೊಳಗೆ ಈ ಭಾಷೆಯನ್ನು ತುಂಬಲು ಹೋಗದೆ, ಭಾಷೆಯು ತನ್ನ ಕ್ರಮವನ್ನು ತಾನೇ ತೋರಿಸುವಂತೆ ಕಿವಿಗೊಡಬೇಕೆಂದು ಒಬ್ಬ ಪ್ರಾಚೀನ ವಸ್ತುಶೋಧಕನು ಹೇಳಿದ ಬುದ್ಧಿಯು ಅವರಿಗೆ ಬಹು ಸಹಾಯವಾಯಿತು.

ಇತ್ತ ಗೆಳೆಯನಾದ ರಾಬಿನ್ಸನು ಅತಿತ್ಲಾನ್ ಸರೋವರದ ದಡದ ಪನಾಹಚೆಲಿನಲ್ಲಿ ಸೇವೆಗೆ ನಿಂತಿದ್ದನು. ೧೯೨೧ರಲ್ಲಿ ಚಿಚಿಕಸ್ತೆನಾಂಗೋ ಎಂಬ ಊರಿನಲ್ಲಿ ಟೌನ್ಸೆಂಡರೂ ಪೌಲ್ ಬರ್ಜೆಸ್ ಎಂಬ ಪಾದ್ರಿಯವರೂ ಬೇರೆ ಕೆಲವರೂ ಕೂಡಿಬಂದು, ಮೂಲನಿವಾಸಿಗಳ ಭಾಷೆಯಲ್ಲಿಯೇ ಸುವಾರ್ತೆಯನ್ನು ಸಾರುವ ವಿಷಯವಾಗಿ ಆಲೋಚನೆ ಮಾಡಿದರು. ಆ ಬರ್ಜೆಸರೂ ಅವರ ಪತ್ನಿ ಡೋರಾ ಅಮ್ಮನವರೂ ಮುಂದೆ ಕಿಚೆ ಭಾಷೆಗೆ ಹೊಸ ಒಡಂಬಡಿಕೆಯನ್ನು ತಂದರು. ಸರೋವರದ ದಡದಲ್ಲಿ ಮಾಯಾ ಉಪದೇಶಿಗಳಿಗಾಗಿ ಒಂದು ಪಾಠಶಾಲೆಯನ್ನು ಕಟ್ಟಬೇಕೆಂಬ ಮಾತು ನಡೆಯುತ್ತಿರುವಾಗಲೇ, ೧೯೨೨ರಲ್ಲಿ ರಾಬಿನ್ಸನು ಅದೇ ಸರೋವರದ ನೀರಿನಲ್ಲಿ ಮುಳುಗಿ ತೀರಿಕೊಂಡನು. ಒಟ್ಟಿಗೆ ಹಡಗು ಹತ್ತಿ ಬಂದು ಐದು ವರುಷವೂ ತುಂಬಿರಲಿಲ್ಲ. ಟೌನ್ಸೆಂಡರು ಬಹಳವಾಗಿ ದುಃಖಪಟ್ಟರು. ಆದರೆ ಗೆಳೆಯನ ಸಮಾಧಿಯ ಮೇಲೆ ಕಲ್ಲನ್ನು ನಿಲ್ಲಿಸಿ ಸುಮ್ಮನಾಗದೆ, ಮರುವರುಷವೇ ಪನಾಹಚೆಲಿನಲ್ಲಿ ಆ ಪಾಠಶಾಲೆಯನ್ನು ತೆರೆದು ಅದಕ್ಕೆ ರಾಬಿನ್ಸನನ ಹೆಸರನ್ನು ಇಟ್ಟರು. ಸುತ್ತಣ ಹಳ್ಳಿಗಳ ಯೌವನಸ್ಥರು ಅಲ್ಲಿ ಓದಿ, ತಮ್ಮ ಜನರಿಗೆ ತಾವೇ ಉಪದೇಶಿಗಳಾಗಿ ಹಿಂದಿರುಗಿದರು.

ಭಾಷಾಂತರವು ಮೆಲ್ಲಮೆಲ್ಲನೆ ಸಾಗಿತು. ಮೊದಲು ಮಾರ್ಕನ ಸುವಾರ್ತೆಯ ಕೆಲವು ಅಧ್ಯಾಯಗಳು ಅಚ್ಚಾಗಿ ಬಂದವು. ತ್ರಿನಿದಾದ್ ಬಾಕ್, ಹೋಸೇ ಚಿಕೋಲ್ ಎಂಬ ಕಾಕ್ಚಿಕೆಲ್ ವಿಶ್ವಾಸಿಗಳು ಟೌನ್ಸೆಂಡರ ಎಡಬಲಗಳಲ್ಲಿ ಕುಳಿತು, ಈ ಮಾತನ್ನು ನಮ್ಮ ತಾಯಂದಿರು ಹೀಗೆ ನುಡಿಯರು, ಹೀಗೆ ನುಡಿಯುವರು ಎಂದು ತಿದ್ದುತ್ತಿದ್ದರು. ಇವರಿಲ್ಲದೆ ಪರದೇಶದವನೊಬ್ಬನಿಂದ ಆ ಕಾರ್ಯವು ಆಗುವಂಥದ್ದಲ್ಲ. ಓದನ್ನು ಕಲಿಸುವದಕ್ಕೂ ಟೌನ್ಸೆಂಡರು ಸುಲಭವಾದ ಕ್ರಮವನ್ನು ಹುಡುಕಿದರು. ಅಕ್ಷರಮಾಲೆಯನ್ನೆಲ್ಲಾ ಒಮ್ಮೆಲೇ ಬಾಯಿಪಾಠ ಮಾಡಿಸದೆ, ನಾಲ್ಕಾರು ಅಕ್ಷರಗಳನ್ನು ಕಲಿಸಿ, ಅವುಗಳಿಂದಲೇ ಆಗುವ ಮನೆಮಾತುಗಳನ್ನು ಓದಿಸಿ, ಆಮೇಲೆ ಒಂದೊಂದೇ ಅಕ್ಷರವನ್ನು ಕೂಡಿಸುವದು ಆ ಕ್ರಮ. ಇದರಿಂದ ಹೊಲದಲ್ಲಿ ದುಡಿದು ಬಂದ ಮುದುಕರೂ ದೀಪದ ಬೆಳಕಿನಲ್ಲಿ ಕುಳಿತು ಓದನ್ನು ಕಲಿಯಬಹುದಾಯಿತು.

ಹತ್ತು ವರುಷಗಳ ಈ ದುಡಿಮೆಯು ೧೯೨೮ರಲ್ಲಿ ಮುಗಿಯಿತು. ಟೌನ್ಸೆಂಡರು ಆಗ ಕ್ಯಾಲಿಫೋರ್ನಿಯದಲ್ಲಿದ್ದರು. ಕಡೆಯ ವಾಕ್ಯದ ಕಡೆಯ ಎರಡು ಶಬ್ದಗಳನ್ನು ತಾವು ಬರೆಯದೆ, ವೃದ್ಧರಾದ ತಮ್ಮ ತಂದೆತಾಯಿಗಳ ಕೈಯಿಂದ ಬರೆಸಿದರು. ಆ ಕಿವಿಮಂದನಾದ ಒಕ್ಕಲಿಗನು ದಿನದಿನವೂ ಮನೆಯಲ್ಲಿ ಓದಿಸಿದ ವಾಕ್ಯವು ಹೀಗೆ ದೂರದ ಒಂದು ಜನಾಂಗವನ್ನು ಮುಟ್ಟಿತು. ೧೯೩೧ರಲ್ಲಿ ಅಮೇರಿಕದ ಬೈಬಲ್ ಸೊಸೈಟಿಯವರು ಕಾಕ್ಚಿಕೆಲ್ ಹೊಸ ಒಡಂಬಡಿಕೆಯನ್ನು ಅಚ್ಚುಹಾಕಿಸಿದರು. ಅದೇ ವರುಷದ ಮೇ ತಿಂಗಳಲ್ಲಿ ಟೌನ್ಸೆಂಡರು ತ್ರಿನಿದಾದ್ ಬಾಕನನ್ನು ಕರೆದುಕೊಂಡು ಹೋಗಿ ಒಂದು ಪ್ರತಿಯನ್ನು ದೇಶದ ಅಧ್ಯಕ್ಷನಾದ ಹೋರ್ಹೆ ಉಬಿಕೋ ಎಂಬವನ ಕೈಗೆ ಒಪ್ಪಿಸಿದರು. ನಗೆಗೀಡಾಗಿದ್ದ ಹಳ್ಳಿಯ ಮಾತು ಅಂದು ಪುಸ್ತಕವಾಗಿ ಅರಮನೆಯನ್ನು ಹೊಕ್ಕಿತು.

ಅದೇ ಕಾಲದಲ್ಲಿ ಮೆಕ್ಸಿಕೋ ದೇಶದ ಮೊಯ್ಸೇಸ್ ಸಾಯೆನ್ಸ್ ಎಂಬ ವಿದ್ಯಾಧಿಕಾರಿಯು ಪನಾಹಚೆಲಿಗೆ ಬಂದು ಟೌನ್ಸೆಂಡರ ಕೆಲಸವನ್ನು ಕಂಡನು. ತನ್ನ ದೇಶದ ಮೂಲನಿವಾಸಿಗಳಿಗೂ ಇಂಥದ್ದು ಆಗಬೇಕೆಂದು ಕರೆಯೋಲೆಯನ್ನು ಕೊಟ್ಟನು. ಮರುವರುಷ ಕ್ಷಯರೋಗವು ಟೌನ್ಸೆಂಡರನ್ನು ಸ್ವದೇಶಕ್ಕೆ ಹಿಂದಿರುಗಿಸಿತು. ಕೆಲಸವು ಇಲ್ಲಿಗೆ ಮುಗಿಯಿತೆಂದು ಅನೇಕರು ಎಣಿಸಿರಬಹುದು. ಆದರೆ ಗುಣವಾದೊಡನೆ ಅವರು ೧೯೩೪ರಲ್ಲಿ ಅರ್ಕನ್ಸಾ ಸೀಮೆಯ ಒಂದು ಹಳೆಯ ತೋಟದ ಮನೆಯಲ್ಲಿ ಭಾಷೆಗಳನ್ನು ಕಲಿಯುವ ವಿದ್ಯೆಗೆಂದು ಶಾಲೆಯನ್ನು ತೆರೆದರು. ಮೊದಲನೆಯ ವರುಷ ವಿದ್ಯಾರ್ಥಿಗಳು ಇಬ್ಬರೇ. ಕುಳಿತುಕೊಳ್ಳುವದಕ್ಕೆ ಮೊಳೆ ತುಂಬುವ ಪೀಪಾಯಿಗಳೇ ಪೀಠಗಳು. ಇಂಗ್ಲಿಷಿಗೆ ಸತ್ಯವೇದವನ್ನು ತಂದ ವಿಕ್ಲಿಫನ ಹೆಸರನ್ನು ಆ ಶಾಲೆಗೆ ಇಟ್ಟರು. ೧೯೪೨ರಲ್ಲಿ ಅದೇ ಹೆಸರಿನಿಂದ ಸತ್ಯವೇದ ಭಾಷಾಂತರಗಾರರ ಸಂಘವು ಸ್ಥಾಪನೆಯಾಯಿತು.

ಮೆಕ್ಸಿಕೋದಲ್ಲಿ ತೆತೆಲ್ಸಿಂಗೋ ಎಂಬ ಬಡ ಹಳ್ಳಿಯಲ್ಲಿ ಅವರು ಪತ್ನಿಯೊಡನೆ ವಾಸಮಾಡಿ, ಭಾಷೆಯನ್ನು ಕಲಿಯುವದರ ಜೊತೆಗೆ ಊರ ಮುಂದೆ ಕಾಯಿಪಲ್ಯದ ತೋಟವನ್ನು ಮಾಡಿದರು. ೧೯೩೬ರ ಆರಂಭದಲ್ಲಿ ಅಧ್ಯಕ್ಷನಾದ ಲಾಸಾರೋ ಕಾರ್ದೆನಾಸನು ತಾನೇ ಆ ಹಳ್ಳಿಗೆ ಬಂದು ಇದನ್ನು ನೋಡಿ ಮೆಚ್ಚಿ, ಅವರಿಗೆ ಆಜೀವ ಸ್ನೇಹಿತನಾದನು. ೧೯೪೪ರಲ್ಲಿ ಎಲ್ವೈರಾ ಅಮ್ಮನವರು ದೀರ್ಘಕಾಲದ ಅನಾರೋಗ್ಯದ ತರುವಾಯ ಕರ್ತನಲ್ಲಿ ನಿದ್ರೆಹೋದರು. ೧೯೪೬ರಲ್ಲಿ ಟೌನ್ಸೆಂಡರು ಎಲೇನ್ ಎಂಬಾಕೆಯನ್ನು ಮದುವೆಯಾದರು. ೧೯೪೭ರಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಕರೆದುಕೊಂಡು ಕಾಡಿನ ಬಿಡಾರದಿಂದ ಹೊರಟ ವಿಮಾನವು ಮುರಿದುಬಿದ್ದು ಗಂಡಹೆಂಡಿರಿಬ್ಬರ ಕಾಲುಗಳಿಗೂ ಪೆಟ್ಟಾಯಿತು. ಮಗುವು ಸುರಕ್ಷಿತವಾಗಿ ಉಳಿಯಿತು. ಟೌನ್ಸೆಂಡರು ಆ ನೋವಿನಲ್ಲಿಯೂ ಮುರಿದ ವಿಮಾನದ ಚಿತ್ರವನ್ನು ತೆಗೆಯಿರೆಂದು ಕೇಳಿಕೊಂಡರು. ಕಾಡಿನಲ್ಲಿ ದುಡಿಯುವವರಿಗೆ ನುರಿತ ವಿಮಾನ ನಡಿಸುವವರು ಎಷ್ಟು ಅವಶ್ಯವೆಂದು ಜನರು ಅರಿಯಲಿ ಎಂಬದೇ ಅವರ ಉದ್ದೇಶ. ಮರುವರುಷವೇ ಅಂಥ ವಿಮಾನಸೇವೆಯು ಪ್ರಾರಂಭವಾಯಿತು.

ಅವರ ಕ್ರಮಗಳನ್ನು ಎಲ್ಲರೂ ಒಪ್ಪಲಿಲ್ಲವೆಂಬದನ್ನೂ ಹೇಳತಕ್ಕದ್ದು. ಸರಕಾರಗಳೊಡನೆ ಅವರು ಬೆಳೆಸಿದ ಸ್ನೇಹವು ಅತಿಯಾಯಿತೆಂದು ಕೆಲವು ಸಭೆಗಳವರೂ, ಪರದೇಶದವರು ಮೂಲನಿವಾಸಿಗಳ ನಡೆನುಡಿಗಳನ್ನು ಕೆಡಿಸುತ್ತಾರೆಂದು ಕೆಲವು ಪಂಡಿತರೂ ದೂರಿದರು. ೧೯೭೯ರಲ್ಲಿ ಮೆಕ್ಸಿಕೋ ಸರಕಾರವು ಅವರ ಭಾಷಾಸಂಸ್ಥೆಯೊಡನಿದ್ದ ಒಪ್ಪಂದವನ್ನು ಮುಗಿಸಿತು. ದೂರಿದವರೊಡನೆ ಕಾದಾಡುವದು ಟೌನ್ಸೆಂಡರ ಸ್ವಭಾವವಲ್ಲ. ವಿರೋಧಿಯನ್ನು ಮನೆಗೆ ಕರೆದು ಊಟಕ್ಕೆ ಕೂರಿಸುವದೇ ಅವರ ರೀತಿ. ಮುಪ್ಪಿನಲ್ಲಿಯೂ ರಷ್ಯನ್ ಭಾಷೆಯನ್ನು ಕಲಿತು, ೧೯೬೮ರಿಂದ ಅನೇಕಾವರ್ತಿ ಸೋವಿಯತ್ ದೇಶಕ್ಕೆ ಹೋಗಿ ಅಲ್ಲಿನ ಸಣ್ಣ ಭಾಷೆಗಳ ಸಂಗತಿಯನ್ನು ವಿಚಾರಿಸಿದರು. ೧೯೮೨ನೆಯ ಇಸವಿ ಏಪ್ರಿಲ್ ೨೩ರಲ್ಲಿ, ತಮ್ಮ ೮೫ನೆಯ ವಯಸ್ಸಿನಲ್ಲಿ, ತಮ್ಮ ಓಟವನ್ನು ಮುಗಿಸಿದರು. ಅಷ್ಟರಲ್ಲಿ ಅವರ ಸಂಘದವರು ನೂರಾರು ಭಾಷೆಗಳಲ್ಲಿ ಕೆಲಸವನ್ನು ಕೈಕೊಂಡಿದ್ದರು.

ಸರೋವರದ ಹಳ್ಳಿಗಳ ಕಷ್ಟಗಳು ಅಲ್ಲಿಗೆ ಮುಗಿಯಲಿಲ್ಲ. ೧೯೬೦ರಿಂದ ೧೯೯೬ರ ವರೆಗೆ ನಡೆದ ಒಳಯುದ್ಧದಲ್ಲಿ ಮಾಯಾ ಜನರು ಬಹಳವಾಗಿ ನೊಂದರು. ೧೯೯೦ರ ದಶಂಬರದಲ್ಲಿ ಸಾಂತಿಯಾಗೋ ಅತಿತ್ಲಾನಿನಲ್ಲಿ ಸೈನಿಕರ ಗುಂಡಿಗೆ ಊರವರು ಬಲಿಯಾದರು. ಆದರೂ ಅವರ ಭಾಷೆಯು ಅಳಿಯಲಿಲ್ಲ. ೧೯೮೭ರಲ್ಲಿ ಮಾಯಾ ಪಂಡಿತರು ತಾವೇ ಕೂಡಿ, ಟೌನ್ಸೆಂಡರು ಸ್ಪ್ಯಾನಿಷಿನ ಕ್ರಮಕ್ಕೆ ಹೊಂದಿಸಿದ್ದ ಅಕ್ಷರಗಳನ್ನು ಬಿಟ್ಟು, ತಮ್ಮ ಎಲ್ಲಾ ಭಾಷೆಗಳಿಗೂ ಹೊಂದುವ ಅಕ್ಷರಕ್ರಮವನ್ನು ಗೊತ್ತುಮಾಡಿಕೊಂಡರು. ಈಗ ಆ ದೇಶದಲ್ಲಿ ೨೨ ಮಾಯಾ ಭಾಷೆಗಳಿಗೆ ಸರಕಾರದ ಮನ್ನಣೆಯುಂಟು. ನೆಟ್ಟವನ ಕೈಯನ್ನು ಮೀರಿ ಗಿಡವು ಬೆಳೆದರೆ ನೆಟ್ಟವನಿಗೆ ಅದು ಅವಮಾನವಲ್ಲ.

ಪ್ರಿಯ ಓದುಗರೇ, ಈ ಚರಿತ್ರೆಯಲ್ಲಿ ನಮಗೊಂದು ಮಾತುಂಟು. ಒಬ್ಬನು ಹತ್ತು ವರುಷ ಕುಳಿತು, ಇನ್ನೊಬ್ಬನು ನೀರಿನಲ್ಲಿ ಪ್ರಾಣವನ್ನು ಕಳೆದುಕೊಂಡು, ಊರಿನ ವಿಶ್ವಾಸಿಗಳು ಹಗಲಿರುಳು ತಿದ್ದಿ ಪಡೆದುಕೊಂಡ ಪುಸ್ತಕವು ಅವರಿಗೆ ಎಷ್ಟು ಅಮೂಲ್ಯವಾಗಿದ್ದಿರಬೇಕು! ನಮಗೆ ಕನ್ನಡದಲ್ಲಿ ಸತ್ಯವೇದವು ಅಜ್ಜಮುತ್ತಜ್ಜರ ಕಾಲದಿಂದಲೂ ಇದೆ. ಅದು ಪೆಟ್ಟಿಗೆಯಲ್ಲಿ ಬಟ್ಟೆಯೊಳಗೆ ಸುತ್ತಿಟ್ಟ ಹಾಗೆಯೇ ಇದೆಯೋ, ದಿನವೂ ತೆರೆಯಲ್ಪಡುತ್ತದೋ? ನಮ್ಮ ಸಭೆಯಲ್ಲಿ ಓದಲಾರದ ತಾಯಂದಿರು ಇನ್ನೂ ಎಷ್ಟು ಮಂದಿ? ಸಾಯಂಕಾಲ ದೀಪ ಹಚ್ಚಿದ ಮೇಲೆ ಅವರಲ್ಲಿ ಒಬ್ಬರ ಬಳಿಯಲ್ಲಿ ಕುಳಿತು ನಾಲ್ಕು ಅಕ್ಷರಗಳನ್ನು ತೋರಿಸುವದಕ್ಕೆ ದೂರದೇಶದ ಮಿಶನರಿಯು ಬೇಕಾಗಿಲ್ಲ. ಶಾಲೆಗೆ ಹೋಗುವ ಮನೆಯ ಮಗುವೇ ಸಾಕು.